ಅಪ್ಪನ ಬೆರಳಿಗೆ ಟಚ್‌ಪ್ಯಾಡ್ ಹೊಂದಿಸುವ ಕೆಲಸ ಎಲ್ಲಿಗೆ ಬಂತು

ಮೌಸ್ ಬಾಣ ಈಗ ಅರ್ಧ ದಾರಿಯಲ್ಲಿ ನಿಲ್ಲುತ್ತಿಲ್ಲ. ಸದ್ಯಕ್ಕೆ ಇದೇ ದೊಡ್ಡ ಸುದ್ದಿ.

ಸೋಮವಾರಪೇಟೆ ಹತ್ತಿರ ನಮ್ಮ ತೋಟ. ಕಾಫಿ, ಕಾಳುಮೆಣಸಿನ ಲೆಕ್ಕ, ಕೆಲಸದವರ ಚೆಕ್‌ರೋಲ್ (ಹಾಜರಿ, ಕೂಲಿ ಪಟ್ಟಿ) ಎಲ್ಲವನ್ನೂ ಅಪ್ಪ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಬರೆಯುತ್ತಾರೆ. ಹಳೇ ಲ್ಯಾಪ್‌ಟಾಪ್, ಅದರಲ್ಲಿ ಡೆಬಿಯನ್ 12 ಅನ್ನುವ ಲಿನಕ್ಸ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಲ್ಯಾಪ್‌ಟಾಪಿನ ಸ್ವಂತ ಟಚ್‌ಪ್ಯಾಡ್ ಮಳೆಗಾಲದ ಥಂಡಿಯಲ್ಲಿ ತನ್ನಷ್ಟಕ್ಕೆ ಬಾಣವನ್ನು ಹಾರಿಸುತ್ತದೆ. ಮೌಸ್ ಹಿಡಿದರೆ ಅಪ್ಪನಿಗೆ ಮಣಿಕಟ್ಟು ನೋವು. ಭಾವ ಬೆಂಗಳೂರಿನಿಂದ ತಂದುಕೊಟ್ಟ ಆಪಲ್ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ 2 ಇತ್ತು. ಅದನ್ನೇ ಹಾಕಿದೆ.

ಇದಕ್ಕೆ ಬೇರೆ ಡ್ರೈವರ್ ಹುಡುಕಬೇಕಾಗಿಲ್ಲ. 2018ರ ಕೊನೆಗೆ ಬಂದ ಲಿನಕ್ಸ್ ಕರ್ನಲ್ (ಸಿಸ್ಟಂನ ತಿರುಳು) 4.20ರಿಂದಲೇ ಬೆಂಬಲ ಇದೆ. ಡೆಬಿಯನ್ 12ರಲ್ಲಿ ಇರುವುದು 6.1. ಕೇಬಲ್ ಚುಚ್ಚಿದ ಕೂಡಲೇ ಬಾಣ ಓಡಿತು. ಕೇಬಲ್ ಇದ್ದರೆ ಚಾರ್ಜ್ ಕೂಡ ಆಗುತ್ತದೆ.

ಹಳೇ ಟಚ್‌ಪ್ಯಾಡ್ ಮುಚ್ಚುವುದು ಸುಲಭವಾಯಿತು. ಪರದೆ, ಮೌಸ್ ನೋಡಿಕೊಳ್ಳುವ ಎಕ್ಸ್‌ಆರ್ಗ್‌ನ ಸೆಟ್ಟಿಂಗ್ ಫೈಲಿನಲ್ಲಿ ಅದರ ಹೆಸರು ಬರೆದು, 'ಸೆಂಡ್ ಈವೆಂಟ್ಸ್ ಮೋಡ್' ಅನ್ನು 'ಡಿಸೇಬಲ್ಡ್' ಮಾಡಿದರೆ ಸಾಕು. ಹೆಸರು ಹಾಕಲೇಬೇಕು. 'ಟಚ್‌ಪ್ಯಾಡ್' ಅಂತಷ್ಟೇ ಬರೆದರೆ ಎರಡೂ ಬಂದ್ ಆಗುತ್ತವೆ. ಹೊಸದಕ್ಕೆ 'ಟ್ಯಾಪಿಂಗ್' (ಬೆರಳು ತಟ್ಟಿದರೇ ಕ್ಲಿಕ್) ಆನ್ ಮಾಡಿದೆ. ಟಚ್‌ಪ್ಯಾಡ್, ಮೌಸ್ ಸಂಕೇತ ಓದುವ ಲಿನಕ್ಸ್‌ನ ಲಿಬ್‌ಇನ್‌ಪುಟ್ ಇದನ್ನು ಸಾಮಾನ್ಯವಾಗಿ ಆಫ್ ಇಟ್ಟಿರುತ್ತದೆ. ಆಪಲ್ ಟಚ್‌ಪ್ಯಾಡ್‌ಗಳಲ್ಲಿ ರೈಟ್ ಕ್ಲಿಕ್ ಅಂದರೆ ಎರಡು ಬೆರಳಲ್ಲಿ ಒತ್ತುವುದು. ಅಪ್ಪನಿಗೆ ಬಲಗಡೆ ಕೆಳಮೂಲೆಯಲ್ಲಿ ಒತ್ತಿ ಅಭ್ಯಾಸ. 'ಕ್ಲಿಕ್ ಮೆಥಡ್' ಅನ್ನು 'ಬಟನ್ ಏರಿಯಾಸ್' ಮಾಡಿದ ಮೇಲೆ ಅವರ ಮುಖ ಅರಳಿತು.

ನಿಜವಾದ ಕೆಲಸ ಆಮೇಲೆ ಶುರುವಾಯಿತು. ನಾನು ಮುಟ್ಟಿದರೆ ಸರಿ, ಅಪ್ಪ ಮುಟ್ಟಿದರೆ ಬಾಣ ತಡವರಿಸುತ್ತದೆ. ಸಾಲು ಸೆಲೆಕ್ಟ್ ಮಾಡಿಕೊಂಡು ಕೆಳಗೆ ಎಳೆಯುವಾಗ ಮಧ್ಯದಲ್ಲೇ ಬಿಟ್ಟುಹೋಗುತ್ತದೆ. ವರ್ಷಗಟ್ಟಲೆ ಕತ್ತಿ ಹಿಡಿದ ಕೈ ಅದು. ಬೆರಳ ತುದಿ ಜಡ್ಡುಗಟ್ಟಿದೆ, ಒಣಗಿದೆ. ಟಚ್‌ಪ್ಯಾಡ್ ನೋಡುವುದು ಒತ್ತಡವನ್ನಲ್ಲ, ಬೆರಳು ತಂದ ವಿದ್ಯುತ್ ಬದಲಾವಣೆಯನ್ನು. ಒಣಗಿದ ದಪ್ಪ ಚರ್ಮದಿಂದ ಅದು ಕಡಿಮೆ ಸಿಗುತ್ತದೆ.

ಊಹೆ ಬೇಡ ಅಂತ ಅಳತೆ ತೆಗೆದೆ. ಡೆಬಿಯನ್‌ನ 'ಲಿಬ್‌ಇನ್‌ಪುಟ್ ಟೂಲ್ಸ್' ಪ್ಯಾಕೇಜಿನಲ್ಲಿ 'ಮೆಷರ್ ಟಚ್ ಸೈಜ್' ಅಂತ ಒಂದು ಕಮಾಂಡ್ ಇದೆ. ಬೆರಳು ಇಟ್ಟ ಹಾಗೇ ಸ್ಪರ್ಶದ ಗಾತ್ರವನ್ನು ಅಂಕಿಯಲ್ಲಿ ತೋರಿಸುತ್ತದೆ. ಈ ಟ್ರ್ಯಾಕ್‌ಪ್ಯಾಡಿಗೆ ಲಿಬ್‌ಇನ್‌ಪುಟ್ ಇಟ್ಟಿರುವ ಮಿತಿ 20:10. ಅಂದರೆ 20 ದಾಟಿದರೆ ಬೆರಳು ಬಂತು, 10ಕ್ಕಿಂತ ಇಳಿದರೆ ಬೆರಳು ಹೋಯಿತು. ಅಪ್ಪ ಹಗುರವಾಗಿ ಎಳೆಯುವಾಗ ಅಂಕಿ ಆ 10ರ ಸುತ್ತಲೇ ಹೊಯ್ದಾಡುತ್ತಿತ್ತು. ಕೈ ತೊಳೆದು ಬಂದು ಮುಟ್ಟಿದರೆ ಮೇಲಕ್ಕೆ ಏರುತ್ತಿತ್ತು. ಕಾರಣ ಅಲ್ಲೇ ಕಂಡಿತು, ಅಲ್ವಾ.

ಇದನ್ನು ಬದಲಿಸಲು 'ಲೋಕಲ್ ಓವರ್‌ರೈಡ್ಸ್' ಹೆಸರಿನ ಕ್ವರ್ಕ್ಸ್ ಫೈಲ್ (ಒಂದೊಂದು ಸಾಧನಕ್ಕೆ ಬೇಕಾದ ವಿಶೇಷ ಸೆಟ್ಟಿಂಗ್ ಇರುವ ಫೈಲ್) ಬರೆಯಬೇಕು. /etc ಒಳಗಿನ ಲಿಬ್‌ಇನ್‌ಪುಟ್ ಫೋಲ್ಡರಿನಲ್ಲಿ ಇಡಬೇಕು. ಅದರಲ್ಲಿ ಮಿತಿಯನ್ನು 12:6 ಮಾಡಿದೆ. ಲಾಗೌಟ್ ಮಾಡಿ ಒಳಗೆ ಬಂದ ಮೇಲೆ ಎಳೆತ ಕಡಿಯಲಿಲ್ಲ. ಇನ್ನೂ ಇಳಿಸಬಹುದಿತ್ತು. ಆದರೆ ತೀರಾ ಇಳಿಸಿದರೆ ಬೆರಳು ಸುಮ್ನೆ ಸವರಿದ್ದನ್ನೂ ಸ್ಪರ್ಶ ಅಂತ ಲೆಕ್ಕ ಹಾಕುತ್ತದೆ. ಚೆಕ್‌ರೋಲ್‌ನಲ್ಲಿ ಬೇಡದ ಕಡೆ ಕ್ಲಿಕ್ ಬಿದ್ದರೆ ಒಬ್ಬರ ಕೂಲಿ ತಪ್ಪುತ್ತದೆ. ಅದಕ್ಕೇ 12ಕ್ಕೆ ನಿಲ್ಲಿಸಿದೆ.

ಒಬ್ಬ ರೈತನ ಕೈಗೆ ತಕ್ಕ ಹಾಗೆ ಈ ಅಂಕಿಯನ್ನು ಮನೆಯಲ್ಲೇ ಕೂತು ತಿದ್ದಲು ಸಾಧ್ಯವಾಗಿದ್ದು ನನಗೆ ತುಂಬಾ ಖುಷಿ ಕೊಟ್ಟಿದೆ. ಎಲ್ಲ ಸೆಟ್ಟಿಂಗ್ ಮೆನುವಿನಲ್ಲೂ ಇದು ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಕಮಾಂಡ್ ಗೊತ್ತಿಲ್ಲದ ಮನೆಗಳೇ ಜಾಸ್ತಿ.

ಬಾಕಿ ಇರುವುದು ಎರಡು. ಕೇಬಲ್‌ನಲ್ಲಿ ಈ ಸಾಧನ ತೋರಿಸುವ ವೆಂಡರ್ ಸಂಖ್ಯೆ (ತಯಾರಕರ ಗುರುತು) ಒಂದು, ಬ್ಲೂಟೂತ್‌ನಲ್ಲಿ ಇನ್ನೊಂದು. ಹಾಗಾಗಿ ಬ್ಲೂಟೂತ್‌ಗೆ ಅದೇ ಫೈಲಿನಲ್ಲಿ ಮತ್ತೊಂದು ಭಾಗ ಸೇರಿಸಬೇಕು. ಇನ್ನೊಂದು, ಈ ಕ್ವರ್ಕ್ಸ್ ಸಾಲುಗಳು ಮುಂದಿನ ಆವೃತ್ತಿಗಳಲ್ಲೂ ನಡೆಯುತ್ತವೆ ಅಂತ ಲಿಬ್‌ಇನ್‌ಪುಟ್ ಖಾತ್ರಿ ಕೊಡುವುದಿಲ್ಲ. ಡೆಬಿಯನ್ 13ಕ್ಕೆ ಹೋಗುವ ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅಪ್ಪನನ್ನೇ ಕೂರಿಸಿ ಮತ್ತೆ ಅಳೆಯುತ್ತೇನೆ. ಕಾಫಿ ಕುಯ್ಲು ಶುರುವಾಗುವುದರೊಳಗೆ ಅದು ಮುಗಿಯಬೇಕು.