ಅಲುಗಿದ ಫೋಟೊ, ಅಜ್ಜಿಯ ಮೂಗುತಿ

ಮಸುಕು ತೆಗೆಯೋ ಸಾಫ್ಟ್‌ವೇರ್‌ಗಳಲ್ಲಿ ನನಗೆ ಇಷ್ಟ ಆಗೋದು ಹಳೇ ಲೆಕ್ಕಾಚಾರದ್ದೇ. ಕೈ ಅಲುಗಿದ ರಾತ್ರಿ ಫೋಟೊ ಯಾವುದಾದ್ರೂ ದೊಡ್ಡದು ಮಾಡಿ ನೋಡಿ: ದೂರದ ಬೀದಿದೀಪ ಚುಕ್ಕೆಯಾಗಿರಲ್ಲ, ಸಣ್ಣ ಹುಳದ ಹಾಗೆ ಡೊಂಕು ಗೆರೆಯಾಗಿರುತ್ತೆ. ಶಟರ್ ತೆರೆದಿದ್ದಷ್ಟು ಹೊತ್ತು ಕ್ಯಾಮೆರಾ ಓಡಾಡಿದ ದಾರಿ ಅದು. ಆ ಗೆರೆ ಸಿಕ್ಕರೆ, ಲೆಕ್ಕ ಹಾಕಿ ಚಿತ್ರದ ಮಸುಕನ್ನು ಸಾಕಷ್ಟು ಬಿಡಿಸಬಹುದು. 1972ರಲ್ಲಿ ರಿಚರ್ಡ್‌ಸನ್, 1974ರಲ್ಲಿ ಲೂಸಿ ಅನ್ನೋ ವಿಜ್ಞಾನಿಗಳು ಪ್ರಕಟಿಸಿದ ವಿಧಾನ ಇಂಥದ್ದೇ. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಕನ್ನಡಿಯಲ್ಲಿ ದೋಷ ಇತ್ತಲ್ಲ, ಅದರಿಂದ ಮಸುಕಾಗಿ ಬಂದ ಚಿತ್ರಗಳಿಗೂ ಇದನ್ನೇ ಬಳಸಿದ್ರು. 2013ರಲ್ಲಿ ಫೋಟೊಶಾಪ್‌ಗೂ ಕೈ ಅಲುಗಿದ ಮಸುಕು ತೆಗೆಯೋ ‘ಶೇಕ್ ರಿಡಕ್ಷನ್’ ಬಂತು.

ಈಗಿನ ಎಐ ಕಥೆ ಬೇರೆ. ಗೃಹಪ್ರವೇಶದ ಫೋಟೊದಲ್ಲಿ ಅಜ್ಜಿ ನಗ್ತಾ ತಲೆ ತಿರುಗಿಸಿಬಿಟ್ಟಿದ್ರು. ಒಂದು ಆ್ಯಪ್‌ಗೆ ಹಾಕಿದೆ. ರೆಪ್ಪೆಗೂದಲು ಒಂದೊಂದೂ ಎಣಿಸೋ ಹಾಗೆ ಬಂತು, ಮೂಗುತಿ ಮಾತ್ರ ಮಾಯ! ಆ ರೆಪ್ಪೆಗಳೂ ಅವರದ್ದಲ್ಲ ಬಿಡಿ, ಯಾರ್ಯಾರದೋ ಮುಖ ನೋಡಿ ಕಲಿತ ಊಹೆ. ತೋರಿಸಿದ್ರೆ, “ಚೆನ್ನಾಗವ್ಳೆ ಕಣೋ, ಯಾರಿವಳು?” ಅಂದ್ರು.

ಡಿಪಿಗೆ ಮಸುಕಿನದ್ದೇ ಹಾಕಿದೀನಿ.