ಮೂರು ಗುಂಡಿನ ನಂತರ ಎಡಕ್ಕೆ

ಆ ಡಯಾನಾ 35 ಏರ್ ರೈಫಲ್ ನನ್ನ ರಿಪೇರಿ ಬೆಂಚಿಗೆ ಬಂದಿದ್ದು ಆಗಸ್ಟ್ ತಿಂಗಳಲ್ಲಿ. ಸಿಲಿಂಡರ್ ಹಿಂಭಾಗದಲ್ಲಿ, ಎಡಕ್ಕೆ, 06 68 ಅಂತ ಸಣ್ಣ ಮುದ್ರೆ ಇತ್ತು. ಅಂದರೆ 1968ರ ಜೂನ್. ತಂದವರು ಕೊಡಗಿನ ಹಿರಿಯರು. ಅವರ ತಂದೆ ಕೊಂಡಿದ್ದ ರೈಫಲ್ ಅದು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಮನೆಯ ಕೋವಿಗಳ ಜೊತೆ ಅದನ್ನೂ ಇಟ್ಟು, ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ ಮಾಡುತ್ತಾರಂತೆ. ಈ ಸಲ ಹಬ್ಬಕ್ಕೆ ಮೊಮ್ಮಗಳ ಕೈಗೆ ಕೊಟ್ಟು ಕಲಿಸಬೇಕು ಅನ್ನುವ ಆಸೆ ಅವರಿಗೆ.

‘ಮೊದಲ ಮೂರು ಗುಂಡು ಸರಿ ಬೀಳ್ತದೆ. ಆಮೇಲೆ ಎಡಕ್ಕೆ ಜಾರ್ತದೆ. ಸ್ವಲ್ಪ ನೋಡಪ್ಪಾ’ ಅಂದರು.

ನಾನು ‘ಆಯ್ತು ಸರ್, ಶನಿವಾರ ಬನ್ನಿ’ ಅಂದೆ. ಜಾಬ್ ಕಾರ್ಡ್‌ನಲ್ಲಿ ‘ಗುರಿ ಸರಿಯಿಲ್ಲ’ ಅಂತ ಬರೆದೆ. ಆ ಕಾರ್ಡ್‌ನಲ್ಲಿ ಇರುವುದೇ ಒಂದು ಸಾಲು ಜಾಗ. ಕೆಳಗೆ ಸ್ಪ್ರಿಂಗ್, ಸೀಲ್, ಟ್ರಿಗರ್ ಅಂತ ಮೂರು ಡಬ್ಬಿ, ಯಾವುದಕ್ಕಾದರೂ ಟಿಕ್ ಹಾಕಬೇಕು. ನಾನು ಮೊದಲ ಎರಡಕ್ಕೆ ಹಾಕಿದೆ. ಅವರು ಹೇಳಿದ ಮಾತು ಅಲ್ಲೇ ಕಳೆದುಹೋಯಿತು.

ಕೆಲಸ ಶುರು ಮಾಡುವ ಮೊದಲು ಒಂದು ಗ್ರೂಪ್, ಅಂದರೆ ಒಂದೇ ಗುರಿಗೆ ಸಾಲಾಗಿ ಕೆಲವು ಗುಂಡು, ಹೊಡೆದು ನೋಡಬೇಕಿತ್ತು. ಆದರೆ ಟೆಸ್ಟ್ ಲೇನನ್ನು ಆಡಳಿತದವರು ಟ್ರೈನಿಂಗ್ ಬ್ಯಾಚಿಗೆ ಕೊಟ್ಟುಬಿಟ್ಟಿದ್ದಾರೆ. ಹತ್ತು ನಿಮಿಷ ಬೇಕು ಅಂದರೂ ಚೀಟಿ ಬರೆದು ಸಹಿ ಹಾಕಿಸಬೇಕು. ಈ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಹಾಗಂತ ಚೀಟಿ ಬರೆಯದೇ ಇದ್ದಿದ್ದು ನಾನೇ.

ಮರದ ಸ್ಟಾಕ್ ಬಿಚ್ಚಿದೆ. ಮುಂದಿನ ಎರಡು ಸ್ಕ್ರೂಗಳಲ್ಲಿ ಬಲಗಡೆಯದಕ್ಕೆ ಸ್ಕ್ರೂ ಸಡಿಲಾಗದಂತೆ ಹಿಡಿಯುವ ಹಲ್ಲಿನ ವಾಷರ್ ಇತ್ತು, ಎಡಗಡೆಯದಕ್ಕೆ ಇರಲಿಲ್ಲ. ಸ್ಕ್ರೂ ತಲೆ ಕೂರುವ ಜಾಗದಲ್ಲಿ ಮರ ಒತ್ತಿಹೋಗಿ ಕಪ್ಪಾಗಿತ್ತು. ಇದನ್ನು ನಾನು ಕಣ್ಣಾರೆ ನೋಡಿದೆ. ಹಳೇ ಬಂದೂಕು, ಒಂದು ವಾಷರ್ ಎಲ್ಲೋ ಬಿದ್ದಿರಬೇಕು ಅಂದುಕೊಂಡು ಮುಂದೆ ಹೋದೆ. ನನ್ನ ಮನಸ್ಸು ಆಗಲೇ ಸ್ಪ್ರಿಂಗ್ ಮೇಲೆ ಕೂತಿತ್ತು. ಅಷ್ಟು ವರ್ಷದ ಸ್ಪ್ರಿಂಗ್ ದಣಿದಿರಲೇಬೇಕು, ಅಲ್ವಾ? ಕಂಪ್ರೆಸರ್‌ಗೆ ಕಟ್ಟಿ ಹಳೆಯದನ್ನು ತೆಗೆದು, ಗಟ್ಟಿಯಾದ ಹೊಸದನ್ನು ಹಾಕಿದೆ. ಪಿಸ್ಟನ್ನಿನ ಚರ್ಮದ ಸೀಲ್ ಒಣಗಿದೆ ಅನ್ನಿಸಿ ಮಷೀನ್ ಎಣ್ಣೆ ಧಾರಾಳವಾಗಿ ಬಿಟ್ಟೆ. ಗುಂಡಿನ ವೇಗ ಅಳೆಯುವ ಕ್ರೋನೋ ಮುಂದೆ ಎರಡು ಗುಂಡು ಹೊಡೆದಾಗ ಸೆಕೆಂಡಿಗೆ 228 ಮೀಟರ್, ಆಮೇಲೆ 241 ಬಂತು. ಖುಷಿಯಾಯಿತು. ಎರಡರ ನಡುವಿನ ಅಂತರ ನೋಡಿ ಗಾಬರಿಯಾಗಬೇಕಿತ್ತು.

ಶನಿವಾರ ಬೆಳಿಗ್ಗೆ ಅವರು ಬಂದರು. ಟ್ರೈನಿಂಗ್ ಹುಡುಗರ ಪಕ್ಕದಲ್ಲೇ ಒಂದು ಲೇನ್ ಸಿಕ್ಕಿತು. ಹತ್ತು ಮೀಟರ್. ಅವರು ಎಡ ಅಂಗೈಯನ್ನು ಬಿಚ್ಚಿ, ರೈಫಲನ್ನು ಅದರ ಮೇಲೆ ಸುಮ್ನೆ ಕೂರಿಸಿದರು. ಹಿಡಿಯಲಿಲ್ಲ. ಸ್ಪ್ರಿಂಗ್ ಬಂದೂಕನ್ನು ಹಾಗೇ ಹೊಡೆಯಬೇಕು. ಪೆಲೆಟ್ ನಳಿಕೆ ಬಿಡುವ ಮೊದಲೇ ಪಿಸ್ಟನ್ ಓಡಿ ಇಡೀ ರೈಫಲ್ ಅಲುಗಿರುತ್ತದೆ. ಆ ಅಲುಗಾಟ ಪ್ರತಿ ಸಲವೂ ಒಂದೇ ಥರ ಇದ್ದರೆ ಮಾತ್ರ ಗುಂಡು ಒಂದೇ ಕಡೆ ಬೀಳುತ್ತದೆ. ಈಗಿನ ಹುಡುಗರದ್ದೆಲ್ಲ ಸಿಲಿಂಡರ್ ಗಾಳಿಯ ರೈಫಲ್. ಅವರಿಗೆ ಈ ಕಷ್ಟ ಗೊತ್ತಿಲ್ಲ.

ಮೊದಲ ಗುಂಡಿಗೇ ಪಟಾಕಿಯಂಥ ಸದ್ದು. ನಳಿಕೆಯಿಂದ ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಡೀಸಲಿಂಗ್, ಅಂದರೆ ನಾನು ಬಿಟ್ಟ ಎಣ್ಣೆ ಒತ್ತಡಕ್ಕೆ ಒಳಗೇ ಹೊತ್ತಿಕೊಂಡಿತ್ತು. ಹುಡುಗರೆಲ್ಲ ತಿರುಗಿ ನೋಡಿದರು. ಹಿರಿಯರು ಏನೂ ಹೇಳದೆ ಹತ್ತು ಗುಂಡು ಮುಗಿಸಿದರು. ಗುರಿಯ ಕಾರ್ಡ್ ವಾಪಸ್ ಬರುವಷ್ಟು ಹೊತ್ತು ನಾನು ನೆಲ ನೋಡುತ್ತಾ ನಿಂತಿದ್ದೆ. 30.5 ಮಿಲಿಮೀಟರಿನ ಕಪ್ಪು ವೃತ್ತದೊಳಗೆ ಇದ್ದಿದ್ದು ಮೂರೇ ತೂತು. ಉಳಿದವು ಮೇಲೆ, ಕೆಳಗೆ, ಎಡಕ್ಕೆ.

ಅವರು ಜೇಬಿನಿಂದ ಮಡಚಿದ ಇನ್ನೊಂದು ಗುರಿಯ ಕಾರ್ಡ್ ತೆಗೆದು ನನ್ನ ಕೈಗಿಟ್ಟರು. ನಮಗೆ ಕೊಡುವ ಮೊದಲು ಮನೆಯಲ್ಲಿ ಹೊಡೆದದ್ದು. ನಡುವೆ ಮೂರು ತೂತು ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲಿಂದ ಏಳು ತೂತು ಇರುವೆ ಸಾಲಿನಂತೆ ಎಡಕ್ಕೆ ಹೋಗಿದ್ದವು.

‘ನಾನು ಪ್ರತಿ ಸಲ ಸ್ಕ್ರೂ ಬಿಗಿ ಮಾಡಿಕೊಂಡೇ ಕೂತುಕೊಳ್ಳೋದು’ ಅಂದರು.

ಆಗ ನೆನಪಾಯಿತು, ಇಲ್ಲದ ಆ ವಾಷರ್. ಕೈ ತಣ್ಣಗಾಯಿತು. ಲೇನ್‌ನಲ್ಲೇ ಸ್ಕ್ರೂಡ್ರೈವರ್ ತಂದು ಮುಟ್ಟಿದೆ. ನಾನೇ ಹಿಂದಿನ ದಿನ ಬಿಗಿ ಮಾಡಿದ್ದ ಎಡ ಸ್ಕ್ರೂ ಅರ್ಧ ಸುತ್ತು ಸಡಿಲಾಗಿತ್ತು.

‘ತಪ್ಪು ನನ್ನದು ಸರ್. ನೀವು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ’ ಅಂದೆ. ‘ಹಬ್ಬಕ್ಕೆ ಇನ್ನೂ ಒಂದು ವಾರ ಉಂಟಲ್ಲ’ ಅಂದರು ಅವರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಹಳೇ ಸ್ಪ್ರಿಂಗ್ ಪುಣ್ಯಕ್ಕೆ ಗುಜರಿ ಡಬ್ಬಿಯಲ್ಲೇ ಇತ್ತು. ಗಾಜಿನ ಮೇಲೆ ಉರುಳಿಸಿದೆ, ನೇರವಾಗಿ ಉರುಳಿತು. ಅದನ್ನೇ ವಾಪಸ್ ಹಾಕಿದೆ. ಸಿಲಿಂಡರ್ ಒಳಗಿನ ಎಣ್ಣೆಯನ್ನೆಲ್ಲ ಒರೆಸಿ, ಹೊಸ ಚರ್ಮದ ಸೀಲ್ ಕೂರಿಸಿ ಸಿಲಿಕೋನ್ ಎಣ್ಣೆ ಎರಡೇ ಹನಿ ಬಿಟ್ಟೆ. ನಳಿಕೆ ಮುಚ್ಚುವ ಜಾಗದಲ್ಲಿ ಟಿಶ್ಯೂ ಚೂರು ಇಟ್ಟು ಹೊಡೆದು ನೋಡಿದೆ. ಅಲುಗಲಿಲ್ಲ, ಗಾಳಿ ಸೋರುತ್ತಿಲ್ಲ. ಒತ್ತಿಹೋದ ಮರಕ್ಕೆ ತೆಳುವಾದ ಹಿತ್ತಾಳೆ ಬಿಲ್ಲೆ ಕತ್ತರಿಸಿ ಕೂರಿಸಿ, ಅದರ ಮೇಲೆ ಹಲ್ಲಿನ ವಾಷರ್ ಹಾಕಿದೆ. ಕೊನೆಗೆ ಸ್ಕ್ರೂ ತಲೆಯಿಂದ ಮರದವರೆಗೆ ಕೆಂಪು ನೇಲ್ ಪಾಲಿಶ್‌ನಲ್ಲಿ ಕೂದಲೆಳೆಯಷ್ಟು ಗೆರೆ ಎಳೆದೆ. ಸ್ಕ್ರೂ ತಿರುಗಿದರೆ ಗೆರೆ ಮುರಿಯುತ್ತದೆ.

ಈ ಸಲ ಚೀಟಿ ಬರೆದು ಲೇನ್ ತೆಗೆದುಕೊಂಡೆ. ಇಪ್ಪತ್ತು ಗುಂಡು ಹೊಡೆದೆ. ಕ್ರೋನೋದಲ್ಲಿ 170ರ ಆಸುಪಾಸು, ಏರಿಳಿತ ಮೂರು ಮೀಟರ್ ಒಳಗೆ. ಇಪ್ಪತ್ತೂ ಕಪ್ಪಿನೊಳಗೆ.

ಜಾಬ್ ಕಾರ್ಡ್‌ನಲ್ಲಿ ‘ಗಿರಾಕಿ ಹೇಳಿದ್ದು’ ಅಂತ ನಾಲ್ಕು ಸಾಲು ಜಾಗ ಕೊಡಿ ಅಂತ ಎರಡು ಸಲ ಕೇಳಿದ್ದೇನೆ. ಇನ್ನೂ ಪ್ರಿಂಟ್ ಆಗಿಲ್ಲ. ನಾನು ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ, ಅವರ ಮಾತಿನಲ್ಲೇ.

ಹಬ್ಬ ಆಗಿ ಒಂದು ತಿಂಗಳಿಗೆ ಅವರು ಫೋನ್ ಮಾಡಿದ್ದರು. ಮೊಮ್ಮಗಳು ಒಂದು ಡಬ್ಬಿ ಪೆಲೆಟ್ ಪೂರ್ತಿ ಖಾಲಿ ಮಾಡಿದ್ದಾಳಂತೆ. ‘ನಿನ್ನ ಕೆಂಪು ಗೆರೆ ಹಾಗೇ ಉಂಟಪ್ಪಾ’ ಅಂದರು.