ರೋಡ್ ಬೈಕಿಗೆ ಕ್ಯಾರಿಯರ್ ಕಟ್ಟಿ ಮೇಲುಕೋಟೆಗೆ

ರೋಡ್ ಬೈಕಿಗೆ ಕ್ಯಾರಿಯರ್ ಹಾಕಿಸ್ತೀನಿ ಅಂದಾಗ ಮೈಸೂರಿನ ಸೈಕಲ್ ಗೆಳೆಯರಲ್ಲಿ ಹೆಚ್ಚಿನವರು ಬೇಡವೆಂದರು. ಸಾಮಾನು ಹೊರಲು ಬೇರೆ ಸೈಕಲ್ ತಗೋ ಎಂಬ ಸಲಹೆ. ನನಗೆ ಒಪ್ಪಿಗೆಯಾಗಲಿಲ್ಲ. ಒಂದು ರಾತ್ರಿ ಉಳಿದು ಬರಲು ಏನು ಬೇಕು? ಒಂದು ಜೊತೆ ಬಟ್ಟೆ, ಹೊದಿಕೆ, ಮಳೆಕೋಟು, ಪಂಕ್ಚರ್ ಸಾಮಾನು. ಐದಾರು ಕಿಲೋ ದಾಟದು. ಅಷ್ಟನ್ನೇ ಬೆನ್ನಿಗೇರಿಸಿ, ಬಗ್ಗಿದ ಹ್ಯಾಂಡಲ್ ಹಿಡಿದು ಗಂಟೆಗಟ್ಟಲೆ ತುಳಿದರೆ ಕತ್ತು ಹಿಡಿದುಕೊಳ್ಳುತ್ತದೆ, ಬೆನ್ನು ಬೆವರಲ್ಲಿ ತೊಯ್ದು ಹೋಗುತ್ತದೆ. ಆ ಭಾರ ಸೈಕಲ್ಲೇ ಹೊರಲಿ.

ನನ್ನದು ಅಲ್ಯೂಮಿನಿಯಂ ಫ್ರೇಮ್. ಹಿಂಚಕ್ರದ ಆಕ್ಸಲ್ ಪಕ್ಕ ಎರಡೂ ಬದಿಗೆ ಮಡ್‌ಗಾರ್ಡಿಗೆಂದು ಕೊಟ್ಟ ಥ್ರೆಡ್ ತೂತುಗಳಿವೆ. ಮೇಲೆ, ಸೀಟಿನ ಹತ್ತಿರ, ಏನೂ ಇಲ್ಲ. ಇದೇನೂ ದೊಡ್ಡ ಕೊರತೆಯಲ್ಲ. ಕ್ಯಾರಿಯರಿನ ಮೇಲಿಟ್ಟ ಭಾರದ ಬಹುಪಾಲು ಕಾಲುಗಳ ಮೂಲಕ ಕೆಳಗಿನ ಎರಡು ಬೋಲ್ಟುಗಳಿಗೇ ಇಳಿಯುತ್ತದೆ. ಮೇಲಿನ ಕಡ್ಡಿಗಳ ಮುಖ್ಯ ಕೆಲಸ ಕ್ಯಾರಿಯರ್ ಹಿಂದೆ ಮುಂದೆ ವಾಲದಂತೆ ಹಿಡಿದಿಡುವುದು. ಹಾಗಾಗಿ ಸೀಟ್ ಪೋಸ್ಟ್, ಅಂದರೆ ಸೀಟಿನ ಕೊಳವೆ, ಬಿಗಿಯುವ ಬಳೆಯಂಥ ಕಾಲರನ್ನೇ ತೆಗೆದು, ಆ ಕಡ್ಡಿಗಳನ್ನು ಕೂರಿಸಲು ಎರಡು ಎಂ5 (5 ಎಂಎಂ ಬೋಲ್ಟಿನ) ಥ್ರೆಡ್ ಇರುವ ಬೇರೆ ಕಾಲರ್ ಹಾಕಿದೆ. ಒಳಗೆ ರಬ್ಬರ್ ಇರುವ ಪಿ-ಕ್ಲಾಂಪುಗಳನ್ನು (P ಆಕಾರದ ಬಿಗಿಪಟ್ಟಿಗಳನ್ನು) ಫ್ರೇಮಿಗೆ ಸುತ್ತಿದ್ದರೂ ನಡೆಯುತ್ತಿತ್ತು. ಕಾರ್ಬನ್ ಫ್ರೇಮಿಗೆ ಮಾತ್ರ ಆ ಯೋಚನೆಯೇ ಬೇಡ. ತೆಳು ಕೊಳವೆಯನ್ನು ಹಾಗೆ ಹಿಂಡಿದರೆ ಬಿರುಕು ಬಿಡಬಹುದು.

ಹೆಚ್ಚು ಹೊತ್ತು ಹಿಡಿದದ್ದು ಚೈನ್ ಕಡೆಯ ಬೋಲ್ಟು. ಅದರ ತುದಿ ಫ್ರೇಮಿನ ಒಳಮೈಯಿಂದ ಸ್ವಲ್ಪ ಹೊರಬಂದರೂ ಸಾಕು, ಅತಿ ಚಿಕ್ಕ ಹಲ್ಲುಚಕ್ರದಲ್ಲಿ ಓಡುವ ಚೈನ್ ಅದಕ್ಕೆ ತಾಗುತ್ತದೆ. ಚೈನನ್ನು ಅಲ್ಲಿಗೇ ಇಳಿಸಿ, ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುತ್ತ, ಟಾರ್ಚ್ ಬಿಟ್ಟು ಇಣುಕಿದೆ. ತುದಿಗೂ ಚೈನಿಗೂ ನಡುವೆ ಒಂದು ನಾಣ್ಯ ತೂರುವಷ್ಟು ಜಾಗ. ಬೋಲ್ಟಿನ ತಲೆಯ ಕೆಳಗೆ ಇನ್ನೊಂದು ವಾಷರ್ ಹಾಕಿದ ಮೇಲೆ ನೆಮ್ಮದಿಯಾಯಿತು. ಕೆಳಗಿನ ಎರಡಕ್ಕೂ ನೀಲಿ ಥ್ರೆಡ್‌ಲಾಕ್ (ಬೋಲ್ಟು ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, 4 ಎಂಎಂ ಅಲೆನ್ ಕೀಯಲ್ಲಿ ಬಿಗಿದೆ. ಕಾಲರಿನ ಬೋಲ್ಟುಗಳಿಗೆ ಹಚ್ಚಲಿಲ್ಲ. ಒಂದು ಓಟ ಮುಗಿದು ಎಲ್ಲ ಸರಿಯಾಗಿ ಕೂತ ಮೇಲೆ ನೋಡೋಣವೆಂದು ಬಿಟ್ಟೆ.

ಇನ್ನು ಬ್ಯಾಗು. ಪೆಡಲುಗಳು ತಿರುಗುವ ಅಚ್ಚಿನ ನಡುವಿನಿಂದ ಹಿಂಚಕ್ರದ ಆಕ್ಸಲ್‌ವರೆಗಿನ ಅಂತರ ರೋಡ್ ಬೈಕಿನಲ್ಲಿ ಸುಮಾರು 41 ಸೆಂಟಿಮೀಟರ್. ದೂರ ಪ್ರವಾಸಕ್ಕೆಂದೇ ಮಾಡಿದ ಸೈಕಲ್‌ಗಳಲ್ಲಿ 45ರ ಆಸುಪಾಸು. ಈ ನಾಲ್ಕು ಸೆಂಟಿಮೀಟರಿನಲ್ಲೇ ಎಲ್ಲ ತಾಪತ್ರಯ. ಎರಡು ಬದಿಗೆ ಬ್ಯಾಗ್ ನೇತುಹಾಕಿದರೆ ಪ್ರತಿ ಸುತ್ತಿಗೂ ಹಿಮ್ಮಡಿ ಬಡಿಯುತ್ತದೆ. ಬಡಿಯದಿರಲೆಂದು ಹಿಂದಕ್ಕೆ ಸರಿಸಿದರೆ ಭಾರ ಆಕ್ಸಲ್ ದಾಟಿ ಹೋಗುತ್ತದೆ. ಮಂಡ್ಯ ಕಡೆ ಕಬ್ಬು ಹೇರುವವರಿಗೆ ಇದು ಚೆನ್ನಾಗಿ ಗೊತ್ತು: ಹಿಂದೆ ಹೆಚ್ಚಾದರೆ ಗಾಡಿಯ ಮೂಕಿ ಮೇಲೇಳುತ್ತದೆ. ಸೈಕಲ್ಲಿನಲ್ಲೂ ಮುಂಚಕ್ರ ಹಗುರವಾಗಿ ಹಿಡಿತ ತಪ್ಪುತ್ತದೆ, ಹಿಂಭಾಗ ಓಲಾಡುತ್ತದೆ. ಆದ್ದರಿಂದ ಪಕ್ಕದ ಬ್ಯಾಗುಗಳನ್ನೇ ಬಿಟ್ಟೆ. ಉದ್ದನೆಯ ಒಂದೇ ಚೀಲ, ಕ್ಯಾರಿಯರಿನ ಮೇಲೆ, ಭಾರವಾದದ್ದೆಲ್ಲ ಸೀಟಿನ ಕಡೆಗೆ. ಕಟ್ಟಿದ್ದು ಹಳೇ ಟ್ಯೂಬ್ ಸೀಳಿದ ಪಟ್ಟಿಗಳಿಂದ. ಅಂಗಡಿಯ ಕೊಕ್ಕೆ ಹಗ್ಗಗಳಿಗಿಂತ ಇವು ಎಷ್ಟೋ ಮೇಲು: ಜಾರುವುದಿಲ್ಲ, ಕಡ್ಡಿಗೆ ಕಚ್ಚಿಕೊಂಡೇ ಇರುತ್ತವೆ, ಕೊಕ್ಕೆ ಕಳಚಿ ಚಕ್ರದ ಕಡ್ಡಿಗಳಿಗೆ ಸಿಕ್ಕುವ ಭಯವೂ ಇಲ್ಲ.

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್. ಶ್ರೀರಂಗಪಟ್ಟಣದವರೆಗೆ ಸರ್ವಿಸ್ ರಸ್ತೆಯಲ್ಲೇ ಹೋದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಸೈಕಲ್ಲಿಗೂ ಪ್ರವೇಶವಿಲ್ಲ. ಕಾವೇರಿ ದಾಟುವಾಗ 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ಕತ್ತು ಹೊರಳಿಸಿ ನೋಡಿದೆ. ಬೆನ್ನಿಗೆ ಬ್ಯಾಗಿದ್ದಾಗ ರಸ್ತೆ ಬಿಟ್ಟು ಬೇರೇನನ್ನೂ ನೋಡಿದ ನೆನಪೇ ನನಗಿಲ್ಲ.

ಪಾಂಡವಪುರ ದಾಟಿದ ಮೇಲೆ ಊರೂರಿಗೂ ಹಂಪುಗಳು, ಕೆಲವಕ್ಕೆ ಬಿಳಿ ಪಟ್ಟಿಯೂ ಇಲ್ಲ. ಸೀಟಿನಿಂದ ಅರ್ಧ ಎದ್ದು ಮೊಣಕಾಲು ಮಡಿಸಿ ದಾಟಿದರೆ ಬರೀ ಸೈಕಲ್ ಹಾರುತ್ತಿತ್ತು ಮೊದಲೆಲ್ಲ. ಈಗ ಹಿಂಚಕ್ರ ಭಾರದೊಂದಿಗೇ ಬೀಳುತ್ತದೆ, ವೇಗ ಇಳಿಸಲೇಬೇಕು. 25 ಎಂಎಂ ಅಗಲದ ಟೈರ್ ತೆಗೆದು 28ರದು ಹಾಕಿದ್ದು ಇಲ್ಲಿ ಕೈಹಿಡಿಯಿತು. ಜಕ್ಕನಹಳ್ಳಿ ಕಳೆದು ಬೆಟ್ಟದ ಏರು ಶುರುವಾದಾಗ ಎದ್ದುನಿಂತು ತುಳಿದರೆ ಚೀಲ ಒಂದು ಕಡೆ, ನಾನು ಇನ್ನೊಂದು ಕಡೆ. ಕೂತೇ, ಚಿಕ್ಕ ಗೇರಿನಲ್ಲಿ, ಉಸಿರಿಗೆ ತಕ್ಕಂತೆ ತುಳಿದರೆ ಅದೇ ಭಾರ ಇದೆಯೋ ಇಲ್ಲವೋ ಎನ್ನುವಷ್ಟು ಸುಮ್ಮನಿರುತ್ತದೆ. ಯೋಗಾನರಸಿಂಹನ ಬೆಟ್ಟ ಕಾಣುವ ಹೊತ್ತಿಗೆ ಕಾಲು ಸೋತಿತ್ತು, ಭುಜ ಸೋತಿರಲಿಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆ.

ಮರುದಿನ ಹೊರಡುವ ಮುನ್ನ ನಾಲ್ಕೂ ಬೋಲ್ಟುಗಳನ್ನು ಪರೀಕ್ಷಿಸಿದೆ. ಕೆಳಗಿನವು ಕದಲಿರಲಿಲ್ಲ. ಕಾಲರಿನ ಎಡಬದಿಯದು ಕಾಲು ಸುತ್ತು ಬಿಗಿಯಿತು. ಮನೆಗೆ ಬಂದು ಅವೆರಡಕ್ಕೂ ಥ್ರೆಡ್‌ಲಾಕ್ ಹಚ್ಚಿದ್ದೇನೆ. ಕ್ಯಾರಿಯರ್ ಬಿಚ್ಚುವ ಯೋಚನೆಯಿಲ್ಲ, ಮುಂದೆ ಬಿಳಿಗಿರಿರಂಗನ ಬೆಟ್ಟಕ್ಕೂ ಇದೇ ಚೀಲ, ಇದೇ ಟ್ಯೂಬ್ ಪಟ್ಟಿ.